ನೆಲ ಬಿಳಿಚಿಕೊಂಡರೆ ತಪ್ಪು ಯಾರದ್ದು?

ಪ್ರಶ್ನೆ: ಜಗಲಿಗೆ ರೆಡ್ ಆಕ್ಸೈಡ್ ನೆಲ ಹಾಕಿಸಿದ್ದೆವು. ಒಂದೇ ಮಳೆಗಾಲಕ್ಕೆ ಅಲ್ಲಲ್ಲಿ ಬಿಳಿಚಿಕೊಂಡಿದೆ. ಪುಡಿ ಕಳಪೆ ಅಂತ ಮೇಸ್ತ್ರಿ, ಕೆಲಸ ಸರಿಯಿಲ್ಲ ಅಂತ ಅಂಗಡಿಯವರು. ಬಣ್ಣವೇ ತುಕ್ಕಾದರೆ ಕಾಂಕ್ರೀಟಿನ ಸರಳಿಗೂ ತುಕ್ಕು ಹತ್ತದೇ?
– ಓದುಗರೊಬ್ಬರು, ಸಾಗರ

ಉತ್ತರ: ಕೆಂಪು ಆಕ್ಸೈಡ್ ಅಂದರೆ ಹೆಮಟೈಟ್. ಆಮ್ಲಜನಕದೊಂದಿಗೆ ಆಗಲೇ ಪೂರ್ತಿ ಕೂಡಿಕೊಂಡ ಕಬ್ಬಿಣ ಅದು. ಬಿಸಿಲು, ಮಳೆ, ಸುಣ್ಣ ಯಾವುದಕ್ಕೂ ಮಾಸುವುದಿಲ್ಲ. ನಿಮಗೆ ಕಾಣುತ್ತಿರುವ ಬಿಳುಪು ಬಹುಪಾಲು ಸಿಮೆಂಟಿನದೇ. ಸಿಮೆಂಟ್ ಗಟ್ಟಿಯಾಗುವಾಗ ಹೊರಬೀಳುವ ಸುಣ್ಣ ನೀರಿನಲ್ಲಿ ಕರಗಿ ಮೇಲೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿ ಪೊರೆಯಾಗುತ್ತದೆ. ಬೂದು ನೆಲದಲ್ಲೂ ಹೀಗೇ ಆಗುತ್ತದೆ, ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ ಅಷ್ಟೆ. ಗಾರೆಗೆ ನೀರು ಹೆಚ್ಚಾದಷ್ಟೂ ಈ ಕಾಟ ಜಾಸ್ತಿ, ಬಣ್ಣವೂ ತೆಳು. ಹಾಗಾಗಿ ನನ್ನ ಅನುಮಾನ ಮೇಸ್ತ್ರಿಯ ಬಕೆಟ್ಟಿನ ಮೇಲೆ! ತೆಗೆಯಲು ಟಾಯ್ಲೆಟ್ ಆಸಿಡ್ ಮಾತ್ರ ಸುರಿಯಬೇಡಿ, ನೆಲದ ಹೊಳಪನ್ನೇ ತಿಂದುಬಿಡುತ್ತದೆ.

ಅಂಗಡಿಯವರನ್ನೂ ಪೂರ್ತಿ ಬಿಡುವಂತಿಲ್ಲ. ಅಗ್ಗದ ಪುಡಿಗೆ ಡೈ ಬೆರೆಸುವುದುಂಟು. ಚಿಟಿಕೆ ಪುಡಿಯನ್ನು ಸುಣ್ಣದ ತಿಳಿನೀರಿನಲ್ಲಿ ಕದಡಿ ಒಂದು ರಾತ್ರಿ ಬಿಡಿ. ಅಪ್ಪಟ ಆಕ್ಸೈಡ್ ತಳಕ್ಕಿಳಿದು ನೀರು ತಿಳಿಯಾಗುತ್ತದೆ. ನೀರಿಗೇ ಬಣ್ಣ ಹತ್ತಿದ್ದರೆ ಡೈ ಇದೆ ಎಂದರ್ಥ. ಇಂಟರ್‌ಲಾಕ್ ಬ್ಲಾಕ್ ಮಾಡುವವರು ಕಾರ್ಖಾನೆಯ ಆಕ್ಸೈಡನ್ನು 50 ಕಿಲೋ ಸಿಮೆಂಟಿಗೆ ಸುಮಾರು 2ರಿಂದ 3 ಕಿಲೋ ಹಾಕುತ್ತಾರೆ. 5 ಕಿಲೋ ದಾಟಿದರೆ ಬಣ್ಣ ಏರುವುದಿಲ್ಲ, ಬಲ ಇಳಿಯುತ್ತದೆ. ಗಣಿಯಿಂದ ತೆಗೆದು ಅರೆದ ಪುಡಿಯಲ್ಲಿ ಜೇಡಿ, ಮರಳು ಸೇರಿರುವುದರಿಂದ ಅದು ಹೆಚ್ಚು ಬೇಕಾಗುತ್ತದೆ, ನೀರನ್ನೂ ಹೆಚ್ಚು ಕುಡಿಯುತ್ತದೆ.

ಇನ್ನೊಂದು ಎಚ್ಚರ: ಇಡೀ ನೆಲಕ್ಕೆ ಒಂದೇ ಬ್ಯಾಚಿನ ಪುಡಿ ಕೊಳ್ಳಿ. ಕಣದ ಗಾತ್ರ 0.1 ಮೈಕ್ರಾನ್ ಆಸುಪಾಸಿದ್ದರೆ ಹಳದಿ ಛಾಯೆಯ ಕೆಂಪು, 0.7ರ ಹತ್ತಿರ ಹೋದರೆ ನೇರಳೆಯತ್ತ ವಾಲುವ ಕೆಂಪು. ರಾಸಾಯನಿಕವಾಗಿ ಎರಡೂ ಒಂದೇ.

ಸರಳಿನ ಚಿಂತೆ ಬೇಡ. ಆಕ್ಸೈಡ್ ತುಕ್ಕನ್ನು ಅಂಟಿಸುವುದಿಲ್ಲ. ಕೆಡುಕು ಮಾಡುವುದು ಸರಿಯಾಗಿ ತೊಳೆಯದ ಪುಡಿಯಲ್ಲಿ ಉಳಿದ ಉಪ್ಪಿನಂಶ, ಅದರಲ್ಲೂ ಕ್ಲೋರೈಡ್.

ಪ್ರಶ್ನೆ: ಹಳದಿ ಆಕ್ಸೈಡ್ ಬೆರೆಸಿದ ಪೇಂಟ್ ಓವನ್ನಿನಿಂದ ಹೊರಬಂದಾಗ ಕೆಂಪಗಾಗಿತ್ತು. ಏಕೆ?
– ಓದುಗರೊಬ್ಬರು, ಪೀಣ್ಯ

ಉತ್ತರ: ಹಳದಿ ಆಕ್ಸೈಡ್ ಗೋಥೈಟ್, ಅದರ ಹರಳಿನಲ್ಲೇ ನೀರಿನ ಅಂಶವಿದೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ನೀರು ಬಿಟ್ಟುಹೋಗಿ ಹೆಮಟೈಟ್ ಉಳಿಯುತ್ತದೆ. ಹಳದಿಯನ್ನು ಬೇಕೆಂದೇ ಹುರಿದು ಕೆಂಪು ಮಾಡುವ ಕಾರ್ಖಾನೆಗಳೂ ಇವೆ. ಕಪ್ಪು ಆಕ್ಸೈಡ್ ಕೂಡ ಗಾಳಿಯಲ್ಲಿ ಕಾದರೆ ಕಂದು, ಕೆಂಪಿಗೆ ತಿರುಗುತ್ತದೆ. ಓವನ್ನಿನ ಶಾಖ ಇಳಿಸಲಾಗದಿದ್ದರೆ ಜಿಂಕ್ ಫೆರೈಟ್ ಕೇಳಿ. ಬಣ್ಣ ಕಂದು ಬೆರೆತ ಹಳದಿ, ಬೆಲೆ ಹೆಚ್ಚು, ಆದರೆ ಶಾಖ ತಡೆಯುತ್ತದೆ.