ಅವರದು ಜೀವನಚರಿತ್ರೆ, ನನ್ನದು ಕಾದಂಬರಿ

ಪ್ರಶ್ನೆ: ನನಗೆ ಕಾದಂಬರಿ ಅಂದರೆ ಪ್ರಾಣ. ನಮ್ಮ ಮನೆಯವರು ಆತ್ಮಕಥೆ, ಜೀವನಚರಿತ್ರೆ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಓದುತ್ತಾ ನನ್ನ ಕಣ್ಣು ಒದ್ದೆಯಾದರೆ ಸಾಕು, ‘ಯಾರೋ ಕಟ್ಟಿದ ಸುಳ್ಳಿಗೆ ಅಳ್ತಾ ಕೂತಿದೀಯಲ್ಲ’ ಅಂತ ಮಕ್ಕಳ ಮುಂದೆಯೇ ನಗುತ್ತಾರೆ. ನನ್ನ ಹುಟ್ಟುಹಬ್ಬಕ್ಕೆ ತಂದುಕೊಟ್ಟದ್ದೂ ಒಬ್ಬ ಉದ್ಯಮಿಯ ಜೀವನಚರಿತ್ರೆ! ಅವರಿಗೆ ಕಾದಂಬರಿ ರುಚಿ ಹತ್ತಿಸುವುದು ಹೇಗೆ?
– ಹೆಸರು ಬೇಡ, ಮಂಡ್ಯ

ಉತ್ತರ: ಆ ಉದ್ಯಮಿಯ ಪುಸ್ತಕವನ್ನು ಅವರು ತಂದದ್ದು ಅವರಿಗೇ, ಮೇಲೆ ನಿಮ್ಮ ಹೆಸರು ಬರೆದರು ಅಷ್ಟೇ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ರುಚಿ ಹತ್ತಿಸಬೇಕು ಅಂತ ನೀವು ಹೊರಟಿರುವುದೂ ಅದೇ ಜಾತಿಯ ಕೆಲಸ ಅಲ್ವಾ? ಅವರು ಕಾದಂಬರಿ ಓದದಿದ್ದರೆ ನಿಮಗೇನೂ ನಷ್ಟವಿಲ್ಲ. ಸುಳ್ಳು ಅಂತ ನಗುತ್ತಾರಲ್ಲ, ತೊಂದರೆ ಇರುವುದು ಅಲ್ಲಿ. ಅದಕ್ಕೆ ಮಾತ್ರ ಉತ್ತರ ಕೊಡಿ, ಅದೂ ಅವರ ಕಪಾಟಿನ ಪುಸ್ತಕವನ್ನೇ ಕೈಯಲ್ಲಿ ಹಿಡಿದು.

ಆರ್.ಕೆ. ನಾರಾಯಣ್ ಗೊತ್ತಲ್ಲ, ಮೈಸೂರಿನ ಯಾದವಗಿರಿಯಲ್ಲಿ ಅವರಿದ್ದ ಮನೆ ಈಗ ಮ್ಯೂಸಿಯಂ ಆಗಿದೆ. ಅವರ ಹೆಂಡತಿ ರಾಜಂ 1939ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡರು. ಮಗಳಿನ್ನೂ ಪುಟ್ಟ ಮಗು. 1945ರಲ್ಲಿ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿ ಬಂತು, ಅದರಲ್ಲಿ ಕಾಲೇಜು ಮೇಷ್ಟ್ರು ಕೃಷ್ಣನ ಹೆಂಡತಿಯೂ ಟೈಫಾಯ್ಡ್‌ನಲ್ಲೇ ಹೋಗಿಬಿಡುತ್ತಾಳೆ. ಆಮೇಲೆ 1974ರಲ್ಲಿ ನಾರಾಯಣ್ ‘ಮೈ ಡೇಸ್’ ಅಂತ ಆತ್ಮಕಥೆ ಬರೆದರು. ಹೆಂಡತಿಯ ಕಾಯಿಲೆ, ಸಾವಿನ ಜಾಗಕ್ಕೆ ಬಂದಾಗ ಏನು ಮಾಡುತ್ತಾರೆ ಗೊತ್ತಾ, ಅದನ್ನೆಲ್ಲ ಆ ಕಾದಂಬರಿಯಲ್ಲಿ ಬರೆದಾಗಿದೆ, ಮತ್ತೆ ಹೇಳಲಾರೆ ಅಂದು ಮುಂದೆ ಹೋಗುತ್ತಾರೆ. ಅಂದರೆ ನಿಮ್ಮ ಮನೆಯವರು ಆತ್ಮಕಥೆ ಮಾತ್ರ ಓದುತ್ತೇನೆ ಅಂತ ಹಟ ಹಿಡಿದರೆ, ಆ ಮನುಷ್ಯನ ಬದುಕಿನಲ್ಲಿ ಬಿದ್ದ ದೊಡ್ಡ ಏಟು ಎಂಥದ್ದು ಅಂತ ತಿಳಿಯಲು ನಿಮ್ಮ ಕಪಾಟಿಗೇ ಬರಬೇಕು.

ಇವೆರಡೂ ಇಂಗ್ಲಿಷ್ ಪುಸ್ತಕ. ಕನ್ನಡದ್ದೇ ಬೇಕು ಅಂದರೆ ಭೈರಪ್ಪನವರ ‘ಗೃಹಭಂಗ’ (1970) ನೀವು ಹಿಡಿಯಿರಿ, ‘ಭಿತ್ತಿ’ (1996) ಅವರಿಗೆ ಕೊಡಿ. ಒಂದು ಕಾದಂಬರಿ, ಇನ್ನೊಂದು ಆತ್ಮಕಥೆ. ಎರಡರಲ್ಲೂ ಅದೇ ಸೀಮೆ, ಅದೇ ಬಡತನ, ಅದೇ ಪ್ಲೇಗು. ಭಿತ್ತಿಯಲ್ಲಿ ತಾಯಿಯನ್ನು ಮಗನ ಕಣ್ಣಿಂದ ನೋಡುತ್ತೇವೆ. ಗೃಹಭಂಗದಲ್ಲಿ, ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಕೂತು ಬರೆಯುವ ನಂಜಮ್ಮನ ಮನಸ್ಸಿನೊಳಕ್ಕೇ ಹೋಗುತ್ತೇವೆ. ಮಗ ಎಷ್ಟೇ ಪ್ರಾಮಾಣಿಕವಾಗಿ ಆತ್ಮಕಥೆ ಬರೆದರೂ ಅಲ್ಲಿಗೆ ಹೋಗುವುದು ಕಷ್ಟ.

ಹಾಗಂತ ಕಾದಂಬರಿಯಲ್ಲಿ ಇರುವುದೆಲ್ಲ ನಡೆದದ್ದೇ ಅಂತ ವಾದಕ್ಕೆ ಇಳಿಯಬೇಡಿ, ಸೋಲುತ್ತೀರಿ. ತ್ರಿವೇಣಿ 1928ರಲ್ಲಿ ನಿಮ್ಮ ಮಂಡ್ಯದಲ್ಲೇ ಹುಟ್ಟಿದವರು, ಮನಃಶಾಸ್ತ್ರ ಓದಿದವರು. ಅವರ ‘ಶರಪಂಜರ’ದ ಕಾವೇರಿಯನ್ನು ಯಾವ ರೇಷನ್ ಕಾರ್ಡಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದರೆ ಮನಸ್ಸಿನ ಕಾಯಿಲೆ ವಾಸಿಯಾಗಿ ಬಂದ ಹೆಂಗಸನ್ನು ಆಮೇಲೂ ಹುಚ್ಚಿ ಅಂತಲೇ ನೋಡಿದ ಮನೆಗಳು ಇದ್ದವು, ಈಗಲೂ ಇವೆ. ಅಂಥ ಹೆಂಗಸಿನ ಜೀವನಚರಿತ್ರೆಯನ್ನು ಆಗ ಯಾರು ಬರೆಯುತ್ತಿದ್ದರು ಹೇಳಿ? ಜೀವನಚರಿತ್ರೆ ಬರೆಸಿಕೊಳ್ಳುವ ಯೋಗ ಎಲ್ಲರಿಗೂ ಇರುವುದಿಲ್ಲ.

ಈಗ ಅವರ ಪರವಾಗಿಯೂ ಸ್ವಲ್ಪ ಮಾತು. ಜೀವನಚರಿತ್ರೆ ಓದುವವರೆಲ್ಲ ಒಣ ಜನ ಅಂತ ಕಾದಂಬರಿ ಓದುವವರಿಗೆ ಒಂದು ಜಂಬ ಇರುತ್ತದೆ, ನನಗೂ ಇದೆ. ವಿಶ್ವೇಶ್ವರಯ್ಯನವರ ಫೋಟೊ ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ದೇವರ ಪಕ್ಕದಲ್ಲೇ ಇರುತ್ತದೆ. ಆದರೆ 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದಾಗ ಮದ್ರಾಸ್ ಸರ್ಕಾರದ ತಕರಾರು ಏನಿತ್ತು, ದುಡ್ಡಿಗೆ ಏನೇನು ಪಾಡು ಪಟ್ಟರು ಅನ್ನುವುದು ಫೋಟೊಗೆ ಕೈ ಮುಗಿದರೆ ಗೊತ್ತಾಗುವುದಿಲ್ಲ. ಅದನ್ನು ಹುಡುಕಿ ಓದುವ ಗಂಡ ಸಿಕ್ಕಿದ್ದಾರೆ. ಊಟದ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ, ಅನ್ನ ಆರಿಹೋಗುವವರೆಗೂ ಹೇಳುತ್ತಾರೆ.

ಮಕ್ಕಳ ಮುಂದೆ ನಗುವ ವಿಷಯ ಬೇರೆ. ಅದಕ್ಕೆ ಪುಸ್ತಕ ಬೇಡ, ‘ಹಾಗೆ ಮಾತಾಡಬೇಡಿ, ನನಗೆ ಬೇಜಾರಾಗುತ್ತೆ’ ಅಂತ ನೇರವಾಗಿ ಹೇಳಿ. ಮಕ್ಕಳು ಎದ್ದುಹೋದ ಮೇಲೆ ಹೇಳಿದರೆ ಒಳ್ಳೆಯದು.

ಪ್ರಶ್ನೆ: ನಮ್ಮದು ಉಲ್ಟಾ ಗೋಳು. ನನ್ನ ಹೆಂಡತಿ ಓದಿದ ಕಾದಂಬರಿಯನ್ನೆಲ್ಲ ನನಗೆ ಹೇಳುತ್ತಾಳೆ, ನಾನು ಕೇಳುತ್ತೇನೆ. ನಾನು ಓದಿದ ಜೀವನಚರಿತ್ರೆ ಹೇಳಲು ಶುರು ಮಾಡಿದರೆ ಆಕಳಿಸುತ್ತಾಳೆ.
– ಒಬ್ಬ ಓದುಗ, ಕುವೆಂಪುನಗರ, ಮೈಸೂರು

ಉತ್ತರ: ನೀವು ಎಲ್ಲಿಂದ ಶುರು ಮಾಡುತ್ತೀರಿ? ಹುಟ್ಟಿದ ಇಸವಿ, ತಂದೆ ಹೆಸರು, ಎಲ್ಲಿಂದ ವಲಸೆ ಬಂದರು? ಹಾಗಾದರೆ ತಪ್ಪು ಆಕೆಯದಲ್ಲ. ಮಧ್ಯದಿಂದ ಒಂದು ಘಟನೆ ಎತ್ತಿಕೊಳ್ಳಿ. ಸಂಜೆ ವಾಕಿಂಗ್‌ಗೆ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಡೆ ಇಬ್ಬರೂ ಹೋಗಿ. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ತಂದುಕೊಟ್ಟ ತಾಳೆಗರಿ ಕಟ್ಟಿನಲ್ಲಿ, ಕಳೆದುಹೋಗಿದೆ ಅಂತ ಎಲ್ಲರೂ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಇತ್ತು, ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು ಅಂತ ಇಷ್ಟೇ ಹೇಳಿ, ಸುಮ್ನೆ ನಡೆಯಿರಿ. ಆ ಪಂಡಿತರು ಯಾರು, ಕಟ್ಟಿನೊಳಗೆ ಏನಿದೆ ಅಂತ ಅವರಿಗೆ ಗೊತ್ತಿತ್ತಾ, ಮನೆಯಲ್ಲಿ ಕಷ್ಟ ಇತ್ತಾ ಅಂತ ಆಕೆಯೇ ಕೇಳುತ್ತಾರೆ. ಕಾದಂಬರಿ ಓದುವವರಿಗೆ ಇಂಥ ಪ್ರಶ್ನೆಗಳೇ ಬರುವುದು. ಜೀವನಚರಿತ್ರೆ ಓದುವವರಿಗೂ ಸ್ವಲ್ಪ ಬಂದರೆ ಚೆನ್ನ.

ಪ್ರಶ್ನೆ: ಎರಡು ರೂಮಿನ ಬಾಡಿಗೆ ಮನೆ. ಪುಸ್ತಕ ಇಡಲು ಜಾಗವಿಲ್ಲ. ಗಂಡನ ಜೀವನಚರಿತ್ರೆಗಳು ಮೊದಲು ಹೋಗಬೇಕೋ, ನನ್ನ ಕಾದಂಬರಿಗಳೋ?
– ಓದುಗಿ, ಸರಸ್ವತಿಪುರಂ, ಮೈಸೂರು

ಉತ್ತರ: ಚುನಾವಣೆ ಹತ್ತಿರ ಬಂದಾಗ ಬಿಡುಗಡೆಯಾದ ರಾಜಕಾರಣಿಗಳ ಜೀವನಚರಿತ್ರೆಗಳು ಮೊದಲು. ಆಮೇಲೆ, ಕೊನೆಯಲ್ಲಿ ಏನಾಯಿತು ಅಂತ ನಿಮಗೇ ನೆನಪಿಲ್ಲದ ಕಾದಂಬರಿಗಳು. ಇಷ್ಟು ತೆಗೆದರೆ ಒಂದು ಕಪಾಟು ಖಾಲಿಯಾಗುತ್ತದೆ.