ಸಂಪಾದಕರ ಉತ್ತರ: ಹೊಟ್ಟೆ ತುಂಬಿದವರ ಆಟವಲ್ಲ

ಮಾನ್ಯರೇ,

ಕಳೆದ ಸಂಚಿಕೆಯ ಮುಖಪುಟವನ್ನು ಕುರಿತು ಚಿತ್ರದುರ್ಗದಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಹೆಸರನ್ನು ಅಚ್ಚು ಹಾಕಬಾರದೆಂದು ಕೋರಿದ್ದೀರಿ; ಹಾಗೆಯೇ ಆಗಲಿ. ತಾವು ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟರಾಗಿದ್ದವರು ಎಂಬುದನ್ನಷ್ಟೇ ಓದುಗರಿಗೆ ತಿಳಿಸುತ್ತೇನೆ. ಮುಖಪುಟದಲ್ಲಿ ನಾವು ಪ್ರಕಟಿಸಿದ್ದು ದಾವಣಗೆರೆಯ ಯುವ ಛಾಯಾಗ್ರಾಹಕಿಯೊಬ್ಬರ ಚಿತ್ರ. ಚೌಕಿಪೇಟೆಯ ಕಿರಾಣಿ ಅಂಗಡಿಯ ಬಾಗಿಲಲ್ಲಿ ಇಳಿಬಿಟ್ಟ ಶಾಂಪೂ ಪ್ಯಾಕೆಟ್ಟುಗಳ ಸರ. ಅದೇ ಫೋಟೊ ಒಂಬತ್ತು ಸಲ, ಒಂದೊಂದು ಸಲವೂ ಬೇರೆ ಬಣ್ಣದಲ್ಲಿ. ಕಲ್ಲಿನ ಕೋಟೆಯೂ ಚಂದ್ರವಳ್ಳಿಯೂ ಕೂಗಳತೆಯಲ್ಲಿರುವಾಗ ಶಾಂಪೂ ಚೀಟಿಯನ್ನು ಮುಖಪುಟಕ್ಕೆ ತರುವುದು ಪತ್ರಿಕೆಗೆ ಶೋಭೆಯಲ್ಲವೆಂದು ತಾವು ನೊಂದು ಬರೆದಿದ್ದೀರಿ. ಅಂಗಡಿಯ ಸರಕು, ಜಾಹೀರಾತು, ಸಿನಿಮಾ ತಾರೆಯರ ಚಿತ್ರಗಳನ್ನೇ ಕಲೆಯಾಗಿಸುವ ಪಾಪ್ ಆರ್ಟ್ ಎಂಬುದು ಅಮೆರಿಕದ ಹೊಟ್ಟೆ ತುಂಬಿದವರ ಆಟ, ಅದು ಅಂಗಡಿಯವರಿಗೆ ಪುಕ್ಕಟೆ ಜಾಹೀರಾತು ಎಂಬುದು ತಮ್ಮ ತೀರ್ಮಾನ.

ತಮ್ಮ ಮಾತಿನಲ್ಲಿ ಒಂದಂಶವನ್ನು ಒಪ್ಪುತ್ತೇನೆ. ಸರಕಿನ ಚಿತ್ರವೂ ಕೊನೆಗೆ ಸರಕೇ ಆಯಿತು. ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹಾಲ್ 1964ರಲ್ಲಿ ಮಾಡಿದ, ಸಿನಿಮಾ ನಟಿ ಮರ್ಲಿನ್ ಮನ್ರೋಳ ಚಿತ್ರವೊಂದು 2022ರ ಹರಾಜಿನಲ್ಲಿ 19.5 ಕೋಟಿ ಡಾಲರಿಗೆ ಮಾರಾಟವಾದುದನ್ನು ನೋಡಿದರೆ ತಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಹರಾಜಿನ ಬೆಲೆಯಿಂದ ಒಂದು ಕಲೆಯ ಹುಟ್ಟನ್ನು ಅಳೆಯಬಾರದು. ಆ ಹುಟ್ಟಿನ ವಿಷಯದಲ್ಲಿ ತಾವು ತಪ್ಪು ತಿಳಿದಿದ್ದೀರಿ ಎಂದು ಗೌರವದಿಂದಲೇ ಹೇಳಬೇಕಾಗಿದೆ.

ಪಾಪ್ ಕಲೆಯ ಮೊದಲ ಮಾತುಗಳು ಕೇಳಿಬಂದದ್ದು ಅಮೆರಿಕದಲ್ಲಲ್ಲ, ಯುದ್ಧದಿಂದ ಸೊರಗಿದ್ದ ಲಂಡನ್ನಿನಲ್ಲಿ. ಅಲ್ಲಿ ಆಹಾರದ ರೇಷನ್ ಪೂರ್ತಿ ನಿಂತದ್ದೇ 1954ರಲ್ಲಿ. ಬೆಣ್ಣೆಗೂ ಮಾಂಸಕ್ಕೂ ಚೀಟಿ ಹಿಡಿದು ಸಾಲಿನಲ್ಲಿ ನಿಂತ ಜನರ ನಡುವೆ ಕೆಲವು ಕಲಾವಿದರು ಅಮೆರಿಕದ ಬಣ್ಣದ ಪತ್ರಿಕೆಗಳನ್ನು ತರಿಸಿಕೊಂಡು, ಅವುಗಳ ಜಾಹೀರಾತಿನ ಹಾಳೆಗಳನ್ನು ತಿರುವಿ ಹಾಕುತ್ತಿದ್ದರು. 1956ರಲ್ಲಿ ಅವರಲ್ಲೊಬ್ಬನಾದ ರಿಚರ್ಡ್ ಹ್ಯಾಮಿಲ್ಟನ್ ಅಂಥ ಪತ್ರಿಕೆಗಳಿಂದ ಕತ್ತರಿಸಿದ ಫೋಟೊಗಳನ್ನು ಅಂಟಿಸಿ ಒಂದು ಕೋಣೆಯ ಚಿತ್ರವನ್ನು ಕಟ್ಟಿದ. ಟೆಲಿವಿಷನ್, ಟೇಪ್ ರೆಕಾರ್ಡರ್, ಕಸ ಹೀರುವ ಯಂತ್ರ, ಮೇಜಿನ ಮೇಲೊಂದು ಡಬ್ಬಿ ಮಾಂಸ. ತನ್ನ ನಾಡಿನ ಬಹುಪಾಲು ಮನೆಗಳಲ್ಲಿ ಇನ್ನೂ ಇರದ ಸುಖವನ್ನು ಅವನು ಫೋಟೊಗಳಲ್ಲಿ ಕಂಡು ಒಂದೆಡೆ ಸೇರಿಸಿದ್ದ. ವಾರ್ಹಾಲನಾದರೂ ಪಿಟ್ಸ್‌ಬರ್ಗಿಗೆ ವಲಸೆ ಬಂದ ಕೂಲಿಕಾರನ ಮಗ. 1962ರಲ್ಲಿ ಅವನು ಕ್ಯಾಂಪ್‌ಬೆಲ್ ಕಂಪನಿಯ 32 ಬಗೆಯ ಸೂಪಿನ ಡಬ್ಬಿಗಳನ್ನು 32 ಕ್ಯಾನ್ವಾಸುಗಳ ಮೇಲೆ ಬರೆದಾಗ ಕಾರಣ ಕೇಳಿದವರಿಗೆ, ಇಪ್ಪತ್ತು ವರ್ಷ ಮಧ್ಯಾಹ್ನದ ಊಟಕ್ಕೆ ತಾನು ಅದನ್ನೇ ಕುಡಿದವನೆಂದು ಹೇಳಿಕೊಂಡಿದ್ದಾನೆ. ಇದು ತುಂಬಿದ ಹೊಟ್ಟೆಯ ನೋಟವೇ, ಮೇಷ್ಟರೇ? ಅಂಗಡಿಯ ಹೊರಗೆ ನಿಂತು ಗಾಜಿಗೆ ಮುಖವೊತ್ತಿ ಒಳಗಿನದನ್ನು ನೋಡುವವನ ಕಣ್ಣು ಇದು.

ಆ ಕಣ್ಣು ನಮ್ಮ ದಾವಣಗೆರೆಗೆ ಹೊಸತಲ್ಲ. ನನ್ನ ತಂದೆ ತಾಯಿ ಮದುವೆಯಾದ ಹೊಸತರಲ್ಲಿ ಇಲ್ಲಿನ ಸ್ಟುಡಿಯೊ ಒಂದರಲ್ಲಿ ತೆಗೆಸಿದ ಫೋಟೊ ನನ್ನ ಮೇಜಿನ ಗಾಜಿನ ಕೆಳಗಿದೆ. ಹಿಂದೆ ಅರಮನೆಯ ಮೆಟ್ಟಿಲು ಬರೆದ ಪರದೆ, ಪಕ್ಕದ ಸ್ಟೂಲಿನ ಮೇಲೆ ರೇಡಿಯೊ, ಹೂದಾನಿಯಲ್ಲಿ ಪ್ಲಾಸ್ಟಿಕ್ ಗುಲಾಬಿ. ಅಪ್ಪನ ಅಂಗಿಯ ಎಡತೋಳು ಬೇಕೆಂದೇ ಒಂದು ಗೇಣು ಮೇಲಕ್ಕೆ ಸರಿದಿದೆ, ಏಕೆಂದರೆ ಮಣಿಕಟ್ಟಿನಲ್ಲಿ ಗಡಿಯಾರವಿದೆ. ಗಡಿಯಾರ ಸ್ಟುಡಿಯೊದ್ದು, ರೇಡಿಯೊವೂ ಸ್ಟುಡಿಯೊದ್ದು. ಕಪ್ಪು ಬಿಳುಪು ಪ್ರತಿಗೆ ಸ್ಟುಡಿಯೊದವರು ಕುಂಚದಿಂದ ಬಣ್ಣ ಹಚ್ಚುವಾಗ ಅಮ್ಮನ ಕಂದು ಸೀರೆಯನ್ನು ಗಿಳಿಹಸಿರು ಮಾಡಿದ್ದರು. ಎರಡು ವರ್ಷ ದುಡ್ಡು ಕೂಡಿಟ್ಟು ಅಮ್ಮ ಮುಂದಿನ ದುಗ್ಗಮ್ಮನ ಜಾತ್ರೆಗೆ ಗಿಳಿಹಸಿರು ಸೀರೆಯನ್ನೇ ಕೊಂಡಳಂತೆ. ಗಡಿಯಾರ ಕೊಳ್ಳಲು ಅಪ್ಪನಿಗೆ ಇನ್ನೂ ಹನ್ನೊಂದು ವರ್ಷ ಬೇಕಾಯಿತು. ಕೊಳ್ಳುವ ಆಸೆಗೂ ಫೋಟೊಕ್ಕೂ ಇರುವ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಚಿತ್ರವನ್ನು ನಾನು ಯಾವ ಗ್ಯಾಲರಿಯಲ್ಲೂ ಕಂಡಿಲ್ಲ.

ಇನ್ನು ನಮ್ಮ ಗೋಡೆಗಳನ್ನು ನೋಡಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮೀ ಸರಸ್ವತಿಯರು ಬಡವರ ಮನೆಗೂ ಬಂದರು. ಅವರೊಡನೆ ಸಾಬೂನು ಮತ್ತು ಔಷಧದ ಕಂಪನಿಗಳ ಹೆಸರುಗಳೂ ಬಂದವು. ಅದಕ್ಕೂ ಮೊದಲೇ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವರ್ತಕರು ಭಾರತಕ್ಕೆ ಕಳಿಸುವ ಬಟ್ಟೆಯ ತಾನುಗಳಿಗೆ ನಮ್ಮ ದೇವರ ಬಣ್ಣದ ಚೀಟಿ ಅಂಟಿಸುತ್ತಿದ್ದರು. ಓದು ಬಾರದವರು ಚಿತ್ರ ನೋಡಿಯೇ ಮಾಲನ್ನು ಗುರುತಿಸಬೇಕಿತ್ತು. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನವರಾದ ನಾವು ಆ ಚೀಟಿಗಳನ್ನು ಕಲೆಯ ಚರಿತ್ರೆಯಿಂದ ಹೊರಗಿಡುವುದು ಸರಿಯಲ್ಲ. ಮಂಡಿಪೇಟೆಯ ದಲಾಲಿ ಅಂಗಡಿಗಳು ಹಂಚುವ ಕ್ಯಾಲೆಂಡರುಗಳಲ್ಲಿ ಶಿವಕಾಶಿಯಿಂದ ಬಂದ ದೇವರ ಕೆಳಗೆ ಅಂಗಡಿಯ ಹೆಸರು ಇಲ್ಲಿ ಅಚ್ಚಾಗುತ್ತದೆ, ಆ ಹೆಸರಿಗೂ ಸೇರಿಸಿಯೇ ಊದಿನಕಡ್ಡಿ ಬೆಳಗುತ್ತೇವೆ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಈ ಪರಂಪರೆಯನ್ನು ಆಳವಾಗಿ ಬಲ್ಲವರು. 2000ದಿಂದ 2004ರ ನಡುವೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರ ಜೊತೆಗೂಡಿ ರೂಪಿಸಿದ ಛಾಯಾಚಿತ್ರ ಮಾಲಿಕೆಯಲ್ಲಿ ಅವರು ತಾವೇ ರವಿವರ್ಮನ ಲಕ್ಷ್ಮಿಯಾಗಿ, ಬಣ್ಣದ ಪರದೆಯ ಮುಂದೆ ನಿಂತಿದ್ದಾರೆ. ಆ ಚಿತ್ರದೆದುರು ನಿಂತಾಗ ನನಗೆ ನೆನಪಾದದ್ದು ನಮ್ಮಮ್ಮನ ಗಿಳಿಹಸಿರು ಸೀರೆ.

ಒಂದೇ ಫೋಟೊವನ್ನು ಒಂಬತ್ತು ಸಲ ಅಚ್ಚು ಹಾಕುವುದರಲ್ಲಿ ಕೈಕಸಬು ಎಲ್ಲಿದೆ ಎಂದು ಕೇಳಿದ್ದೀರಿ. ವಾರ್ಹಾಲ್ 1962ರಿಂದ ಬಳಸಿದ ವಿಧಾನ ತಮಗೆ ಅಪರಿಚಿತವಲ್ಲ. ಫೋಟೊವನ್ನು ಕಡುಗಪ್ಪು ಬಿಳುಪಿಗೆ ಇಳಿಸಿ, ಬೆಳಕಿಗೆ ಗಟ್ಟಿಯಾಗುವ ರಾಸಾಯನಿಕ ಬಳಿದ ಬಲೆಯ ಮೇಲೆ ಮೂಡಿಸಿ, ತೊಳೆದು, ತೆರೆದುಕೊಂಡ ಕಣ್ಣುಗಳ ಮೂಲಕ ಶಾಯಿಯನ್ನು ರಬ್ಬರಿನ ಪಟ್ಟಿಯಿಂದ ಎಳೆಯುವುದು. ನಮ್ಮ ಲಗ್ನಪತ್ರಿಕೆಗಳೂ ಬಟ್ಟೆ ಅಂಗಡಿಯ ಕೈಚೀಲಗಳೂ ಸಿದ್ಧವಾಗುವ ಸ್ಕ್ರೀನ್ ಪ್ರಿಂಟಿಂಗ್ ಇದೇ. ಒಮ್ಮೆ ಶಾಯಿ ದಟ್ಟವಾಗುತ್ತದೆ, ಒಮ್ಮೆ ಬಲೆ ಕಟ್ಟಿಕೊಂಡು ಮುಖ ಮಸುಕಾಗುತ್ತದೆ. 1953ರ ‘ನಯಾಗರ’ ಚಲನಚಿತ್ರದ ಪ್ರಚಾರದ ಫೋಟೊದಿಂದ ಎತ್ತಿಕೊಂಡ ಮರ್ಲಿನಳ ಮುಖ, ಅವಳು ಸತ್ತ ವರ್ಷವೇ, ಐವತ್ತು ಸಲ ಅಚ್ಚಾಗಿ ಒಂದು ಬದಿಯಲ್ಲಿ ಅಳಿಸುತ್ತ ಹೋಗುವುದನ್ನು ನೋಡಿದವರು ಅದನ್ನು ಜಾಹೀರಾತು ಎನ್ನಲಾರರು. ನಮ್ಮ ಮುಖಪುಟದ ಏಳನೆಯ ಚೌಕದಲ್ಲಿ ಪ್ಯಾಕೆಟ್ಟಿನ ಮೇಲಿನ ಹೆಸರು ಓದಲಾಗದಂತೆ ಕರಗಿರುವುದನ್ನು ಮತ್ತೊಮ್ಮೆ ನೋಡಬೇಕೆಂದು ಕೋರುತ್ತೇನೆ. ಬಾಟಲಿ ಕೊಳ್ಳಲಾಗದವರ ಕೈಗೂ ಎಟುಕಲೆಂದು ತಮಿಳುನಾಡಿನ ಕಡಲೂರಿನಲ್ಲಿ ಬೆಳೆದು ಬಂದ ಸರಕು ಅದು. ಚಿತ್ರ ತೆಗೆದ ಆ ಹುಡುಗಿ ಅದನ್ನು ಆರಿಸಿಕೊಂಡದ್ದು ಎಲ್ಲವನ್ನೂ ಯೋಚಿಸಿಯೇ. ತಾವು ತರಗತಿಯಲ್ಲಿ ಮೇಜಿನ ಮೇಲಿಟ್ಟು ಮಕ್ಕಳಿಂದ ಬರೆಸಿದ ಹೂಜಿಯನ್ನೂ ಸಂತೆಯಿಂದಲೇ ತಂದಿದ್ದಿರಲ್ಲವೇ?

ಸಂಕಟಪಡಬೇಕಾದ ವಿಷಯ ಬೇರೆಯೇ ಇದೆ, ಅದನ್ನು ತಮ್ಮಂಥವರು ಬರೆಯಬೇಕು. ವಾರ್ಹಾಲ್ 1964ರಲ್ಲಿ ಹೂವಿನ ಚಿತ್ರಗಳನ್ನು ಮಾಡಿದ. ಅವು ದಾಸವಾಳ; ಪೆಟ್ರೀಶಿಯಾ ಕಾಲ್‌ಫೀಲ್ಡ್ ಎಂಬ ಛಾಯಾಗ್ರಾಹಕಿ ತೆಗೆದು ಫೋಟೊಗ್ರಫಿ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಫೋಟೊ. ಆಕೆಯನ್ನು ಯಾರೂ ಕೇಳಿರಲಿಲ್ಲ, 1966ರಲ್ಲಿ ಆಕೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅದೇ 1964ರಲ್ಲಿ ಅವನು ನ್ಯೂಯಾರ್ಕಿನಲ್ಲಿ ಪೇರಿಸಿಟ್ಟ ಬ್ರಿಲ್ಲೊ ಎಂಬ ಪಾತ್ರೆ ಉಜ್ಜುವ ನಾರಿನ ಪೆಟ್ಟಿಗೆಗಳ ಮೂಲ ವಿನ್ಯಾಸ ಜೇಮ್ಸ್ ಹಾರ್ವೆಯದು. ಹೊಟ್ಟೆಪಾಡಿಗೆ ಪೆಟ್ಟಿಗೆಗಳನ್ನು ಚಿತ್ರಿಸುತ್ತಿದ್ದ ಅವನೂ ಒಬ್ಬ ಕಲಾವಿದ. ಪೆಟ್ಟಿಗೆ ಜಗತ್ಪ್ರಸಿದ್ಧವಾಯಿತು, ಹಾರ್ವೆಯ ಹೆಸರು ಉಳಿಯಲಿಲ್ಲ. ಕ್ಯಾಮೆರಾ ಹಿಡಿದವರನ್ನೂ ಚೀಟಿ ಬರೆದವರನ್ನೂ ಕಲಾವಿದರ ಪಂಕ್ತಿಯಲ್ಲಿ ಕೂರಿಸದ ರೋಗ ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಇಲ್ಲಿ ಇನ್ನೂ ಹೆಚ್ಚಾಗಿದೆ. ಅಪ್ಪ ಅಮ್ಮನ ಫೋಟೊ ತೆಗೆದ ಆ ಸ್ಟುಡಿಯೊ ಮುಚ್ಚಿದಾಗ ನಾನು ಅಲ್ಲಿಗೆ ಹೋದೆ. ನಲವತ್ತು ವರ್ಷಗಳ ನೆಗೆಟಿವ್‌ಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ತಕ್ಕಡಿಯಲ್ಲಿ ತೂಗಿ, ಬೆಳ್ಳಿ ತೆಗೆಯುವವರಿಗೆ ಕೊಡುತ್ತಿದ್ದರು. ಅವರನ್ನು ದೂರಲಾರೆ, ಬಾಡಿಗೆ ಬಾಕಿಯಿತ್ತು. ಅದಕ್ಕೂ ಮೊದಲು ಅವರು ಒಂದು ಸಂಸ್ಥೆಗೆ ಹೋಗಿ ಇವನ್ನು ಉಚಿತವಾಗಿಯೇ ಇಟ್ಟುಕೊಳ್ಳಿ ಎಂದು ಬೇಡಿಕೊಂಡಿದ್ದರಂತೆ. ಅಲ್ಲಿಂದ ಬಂದ ಉತ್ತರ, ಇವು ಕಲೆಯಲ್ಲ ಎಂಬುದು. ತಮ್ಮ ಪತ್ರದ ಮೂರನೆಯ ಪುಟದಲ್ಲೂ ಅದೇ ಎರಡು ಪದಗಳಿದ್ದವು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಇಷ್ಟು ಉದ್ದ ಉತ್ತರಿಸುತ್ತಿರುವುದಕ್ಕೆ ಅದೇ ಕಾರಣ.

ಮುಂದಿನ ಸಂಚಿಕೆಯಿಂದ ದಾವಣಗೆರೆ, ಚಿತ್ರದುರ್ಗ ಸೀಮೆಯ ಹಳೆಯ ಸ್ಟುಡಿಯೊ ಫೋಟೊಗಳಿಗೆ ಎರಡು ಪುಟ ಮೀಸಲಿಡುತ್ತಿದ್ದೇವೆ. ಹಿಂಬದಿಯಲ್ಲಿ ಸ್ಟುಡಿಯೊದ ಮುದ್ರೆ ಇದ್ದರೆ ಅದರ ಪ್ರತಿಯನ್ನೂ ಕಳಿಸಬೇಕು. ತೆಗೆದವರ ಹೆಸರನ್ನು ಚಿತ್ರದ ಕೆಳಗೆ, ತೆಗೆಸಿಕೊಂಡವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ. ಮೂಲ ಫೋಟೊವನ್ನು ಸ್ಪೀಡ್ ಪೋಸ್ಟಿನಲ್ಲಿ ಹಿಂದಿರುಗಿಸುತ್ತೇವೆ. ತಮ್ಮ ಪತ್ರದ ಕೊನೆಯಲ್ಲಿ, ತಮ್ಮ ತಂದೆಯವರು ರಟ್ಟಿನ ವಿಮಾನದಲ್ಲಿ ಕುಳಿತು ಜಾತ್ರೆಯಲ್ಲಿ ತೆಗೆಸಿಕೊಂಡ ಫೋಟೊವೊಂದು ಮನೆಯಲ್ಲಿದೆ ಎಂದು ಬರೆದಿದ್ದೀರಿ. ಮೊದಲ ಚಿತ್ರ ಅದೇ ಆಗಬೇಕೆಂಬುದು ನನ್ನ ಆಸೆ, ದಯವಿಟ್ಟು ಕಳಿಸಿಕೊಡಿ.

— ಸಂಪಾದಕ