ಮೀನಿನ ಪಾದರಸಕ್ಕೆ ಸೆಲೆನಿಯಂ ತಡೆಯೇ?

ಪ್ರಶ್ನೆ: ಡಾಕ್ಟರೇ, ನಾನು ಐದು ತಿಂಗಳ ಗರ್ಭಿಣಿ. ಪಾದರಸದಿಂದ ಮಗುವಿನ ಮಿದುಳಿಗೆ ಕೆಡುಕೆಂದು ಅತ್ತೆ ಬಂಗುಡೆ ಸಾರನ್ನೇ ನಿಲ್ಲಿಸಿದ್ದಾರೆ. ಸೆಲೆನಿಯಂ ಎಂಬ ಖನಿಜದ ಮಾತ್ರೆ ನುಂಗಿದರೆ ಮೀನು ತಿನ್ನಬಹುದೇ?
– ಓದುಗರು, ಮಲ್ಪೆ

ಉತ್ತರ: ಅತ್ತೆಯವರ ಕಾಳಜಿ ದೊಡ್ಡದು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದ ತಾಯಂದಿರಿಗೆ ಮಿದುಳಿಗೆ ಹಾನಿಯಾದ ಮಕ್ಕಳು ಹುಟ್ಟಿದ್ದು ನಿಜ. ಆದರೆ ಬಂಗುಡೆಯನ್ನು ಬಿಡಬೇಡಿ ತಾಯಿ. ಮಿದುಳಿನ ಕೋಶಗಳನ್ನು ಕಾಯುವ ಕೆಲವು ಕಿಣ್ವಗಳಿಗೆ ಸೆಲೆನಿಯಂ ಬೇಕೇ ಬೇಕು. ಪಾದರಸ ಅದನ್ನೇ ಬಿಗಿಯಾಗಿ ಹಿಡಿದು ಕಿಣ್ವಗಳ ಕೈ ಕಟ್ಟಿಹಾಕುತ್ತದೆ. ಬಂಗುಡೆ, ಬೂತಾಯಿಗಳಲ್ಲಿ ಪಾದರಸ ಕಡಿಮೆ, ಸೆಲೆನಿಯಂ ಧಾರಾಳ. ಶಾರ್ಕ್ ಮಾತ್ರ ಬೇಡವೇ ಬೇಡ. ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ದಿನಕ್ಕೆ ಒಟ್ಟು ಸುಮಾರು 60 ಮೈಕ್ರೋಗ್ರಾಂ ಸೆಲೆನಿಯಂ ಸಾಕು. ಅತಿಯಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ.